ಓಡು ಅಂದ ಮಿಷನ್ನು

ಆಟ ಆಡುವುದಕ್ಕೆ ಸಂಬಳ ಕೊಡುತ್ತಾರೆ ಎಂದರೆ ನಮ್ಮಮ್ಮ ನಂಬಲಿಲ್ಲ. "ಆಡೋ ವಯಸ್ಸಲ್ಲಿ ಸಗಣಿ ಬಾಚ್ದೆ, ಈಗ ಮದುವೆ ವಯಸ್ಸಲ್ಲಿ ಆಡೋಕೆ ಹೋಗ್ತೀನಿ ಅಂತೀಯಲ್ಲೇ," ಎಂದಳು. ಆಮೇಲೆ ಮನೆಗೆ ಬಂದವರಿಗೆಲ್ಲ ನನ್ನ ಮಗಳು ಮಾಲೂರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಾಳೆ ಎಂದೇ ಹೇಳಿಕೊಂಡು ಬಂದಳು. ಸುಳ್ಳೇ, ಆದರೆ ಮರ್ಯಾದೆಯ ಸುಳ್ಳು.

ಈಗ ನಿವೃತ್ತಳಾಗಿ ಮನೆಯಲ್ಲಿ ಕೂತಿದ್ದೇನೆ. ಕೂತಿದ್ದೇನೆ ಎನ್ನುವುದು ಮಾತಿಗೆ. ನನಗೆ ಹುಟ್ಟಿದಾಗಿನಿಂದ ಕೂತಲ್ಲಿ ಕೂರುವ ಗುಣವಿಲ್ಲ. ಕುರ್ಚಿಯಲ್ಲಿ ಕೂತರೆ ಕಾಲು ತಾನಾಗಿ ಅಲ್ಲಾಡುತ್ತದೆ, ಮಲಗಿದರೆ ಬೆರಳುಗಳು ಹೊದಿಕೆಯ ಮೇಲೆ ಏನನ್ನೋ ಒತ್ತುತ್ತಿರುತ್ತವೆ. ಇದನ್ನು ಕೂಡ ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಹಾಲು ಉಕ್ಕಿದರೆ ನಡುವೆ ಒಂದೆರಡು ಸಾಲು ತಪ್ಪಬಹುದು.

ಬರೆಯುವ ಕಾರಣ ಹೇಳುತ್ತೇನೆ. ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳು ಬಂದಿದ್ದಳು, ಆಟಗಳನ್ನು ತಯಾರಿಸುವ ಕಂಪನಿಗೆ ಹೊಸದಾಗಿ ಸೇರಿದವಳು. "ಆಂಟಿ, ನಮ್ ಆಫೀಸಲ್ಲಿ ದಿನಾ ಇದೇ ಜಗಳ. ಒಳ್ಳೆ ಗೇಮ್ ಮಾಡ್ಬೇಕಾ, ಓಡೋ ಗೇಮ್ ಮಾಡ್ಬೇಕಾ ಅಂತ. ನಿಮ್ ಕಾಲದಲ್ಲೂ ಇದು ಇತ್ತಾ?" ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಓಡೋ ಗೇಮ್ ಎಂಬ ಆ ಒಂದು ಮಾತಿನಲ್ಲೇ ನಮ್ಮ ಕಾರ್ಖಾನೆಯ ಇಡೀ ರಾಮಾಯಣ ಇತ್ತು. ಬಡ್ತಿ, ಸರ್ಟಿಫಿಕೇಟು, ಮುಂದೆ ನಾನು ಸೇರಿದ ದೊಡ್ಡ ಕಂಪನಿಗಳು, ಇವೆಲ್ಲ ಯಾರಿಗೆ ಬೇಕು. ಆ ಜಗಳದ ಕಥೆಯನ್ನೇ ಹೇಳುತ್ತೇನೆ.

ಎಂಬತ್ತರ ದಶಕದ ನಡುಭಾಗ. ನಾನು ಶ್ರೀನಿವಾಸಪುರದ ಕಡೆಯವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಕಲಸಿದ್ದು. ಕೋಲಾರದಲ್ಲಿ ರೇಡಿಯೋ ಮೆಕ್ಯಾನಿಕ್ ಕೋರ್ಸು ಮುಗಿಸಿ ಮಾಲೂರಿನ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದೆ. ಶೆಡ್ಡಿನ ಸುತ್ತ ಹೆಂಚಿನ ಗೂಡುಗಳು, ಬಾಗಿಲು ತೆಗೆದರೆ ಕೆಂಪು ದೂಳು. ಯಜಮಾನರು ಶಂಕರಯ್ಯನವರು. ಅವರ ತಂದೆಯದು ಹೆಂಚಿನ ವ್ಯಾಪಾರ. ಇವರು ಅದು ಬಿಟ್ಟು ವೋಲ್ಟೇಜ್ ಸ್ಟೆಬಿಲೈಜರ್ ಮಾಡುತ್ತಿದ್ದರು. ಒಮ್ಮೆ ಬೆಂಗಳೂರಿನ ವಸ್ತುಪ್ರದರ್ಶನದಲ್ಲಿ ಕಾಸು ಹಾಕಿ ಆಡುವ ವಿಡಿಯೋ ಗೇಮ್ ನೋಡಿ ಬಂದವರೇ ಸ್ಟೆಬಿಲೈಜರುಗಳನ್ನು ಮೂಲೆಗೆ ತಳ್ಳಿದರು. "ಜೇಬು ಖಾಲಿ ಮಾಡ್ಕೊಂಡು ಗಿರಾಕಿ ನಗ್ತಾ ಹೋಗೋ ವ್ಯಾಪಾರ ಇದೊಂದೇ ಕಣಮ್ಮ," ಎಂದು ನನಗೆ ಮೊದಲ ದಿನವೇ ಹೇಳಿದ್ದರು.

ನಾವು ಮಾಡುತ್ತಿದ್ದುದನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ, ಅದು ಕಾಪಿ. ಎಲ್ಲಿಂದಲೋ ಒಂದು ವಿದೇಶಿ ಬೋರ್ಡು ಬರುತ್ತಿತ್ತು. ಅದರ ಮೇಲಿನ ಚಿಪ್ಪುಗಳಲ್ಲಿದ್ದುದನ್ನು ಓದಿ, ಬೇರೆ ಖಾಲಿ ಚಿಪ್ಪುಗಳಿಗೆ ಹಾಗೇ ಬರೆಯುತ್ತಿದ್ದೆವು. ಬಡಗಿಗಳು ಬೀರುವಿನಂಥ ಪೆಟ್ಟಿಗೆ ಮಾಡಿಕೊಡುತ್ತಿದ್ದರು. ಅದರೊಳಗೆ ಟಿವಿ ಟ್ಯೂಬು, ಮುಂದೆ ಒಂದು ಹಿಡಿ, ಎರಡು ಗುಂಡಿ. ರಾಕೆಟ್ಟು ಬರುತ್ತದೆ, ಗುಂಡು ಹೊಡೆಯಬೇಕು. ಎಲ್ಲ ಆಟಗಳೂ ಹೆಚ್ಚುಕಮ್ಮಿ ಅದೇ.

ಬೆಸುಗೆ ಹಾಕುವ ಹುಡುಗಿಯರ ಸಾಲಿನಲ್ಲಿ ನನ್ನನ್ನು ಕೂರಿಸಿದರು. ನಾನು ಕೂರಲಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು, ತಯಾರಾದ ಮಿಷನ್ನಿನ ಹಿಡಿ ಹಿಡಿದು ಅಲ್ಲಾಡಿಸುತ್ತಿದ್ದೆ. ಶಂಕರಯ್ಯನವರು ನೋಡಿ, "ಇವಳನ್ನ ಕೂರಿಸೋಕಾಗಲ್ಲ, ನಿಲ್ಲಿಸಿಬಿಡಿ," ಎಂದು ನನ್ನನ್ನು ಮಿಷನ್ನುಗಳ ಪರೀಕ್ಷೆ ಮಾಡುವ ಕೆಲಸಕ್ಕೆ ಹಾಕಿದರು. ಅಂದಿನಿಂದ ಆಡುವುದೇ ನನ್ನ ಕೆಲಸ. ಹೊಸಬರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಚೆನ್ನಾಗಿ ಆಡುವವರು ಈ ಕೆಲಸಕ್ಕೆ ಲಾಯಕ್ಕಲ್ಲ. ಅವರು ಗೆಲ್ಲುವ ದಾರಿಯಲ್ಲೇ ಹೋಗುತ್ತಾರೆ. ಟೆಸ್ಟ್ ಮಾಡುವವಳು ಗೋಡೆಗೆ ಹೋಗಿ ಹೋಗಿ ಗುದ್ದಬೇಕು, ಒತ್ತಬಾರದ ಹೊತ್ತಿನಲ್ಲಿ ಗುಂಡಿ ಒತ್ತಬೇಕು, ಕೀಟಲೆ ಮಾಡಬೇಕು. ಆ ವಿಷಯದಲ್ಲಿ ನನಗೆ ಹುಟ್ಟು ಪ್ರತಿಭೆ ಇತ್ತು.

ಮಿಷನ್ ಕೆಟ್ಟರೆ ರಿಪೇರಿಗೂ ನಾನೇ ಹೋಗುತ್ತಿದ್ದೆ. ಈಗ ನೀವು ತಪ್ಪನ್ನು ಕೂತಲ್ಲೇ ತಿದ್ದಿ ತಂತಿಯಲ್ಲಿ ಕಳಿಸಿಬಿಡುತ್ತೀರಿ. ನಮ್ಮ ತಪ್ಪುಗಳೆಲ್ಲ ಬಸ್ಸಿನಲ್ಲಿ ಓಡಾಡುತ್ತಿದ್ದವು. ಮುಳಬಾಗಿಲಿನ ಬಸ್ ಸ್ಟ್ಯಾಂಡಿನ ಹೋಟೆಲಿನಿಂದ ಒಮ್ಮೆ ದೂರು ಬಂತು, ಮಿಷನ್ನಿನ ಒಳಗೆ ಏನೋ ಸತ್ತಿದೆ ಎಂದು. ಹೋಗಿ ನೋಡಿದರೆ ಹಲ್ಲಿ. ದೇವರಾಯಸಮುದ್ರದಿಂದ ಇನ್ನೊಂದು ದೂರು, ಸಂಜೆಯಾದರೆ ಚಿತ್ರ ಚಿಕ್ಕದಾಗುತ್ತದೆ ಎಂದು. ಕೆರೆ ಬಯಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜು ಬಿದ್ದು ಪರದೆಯ ಚಿತ್ರ ಕುಗ್ಗುತ್ತಿತ್ತು. ಅಲ್ಲಿನ ಅಂಗಡಿಯಾತ ಮಾತ್ರ, "ರಾಕೆಟ್ನೋರು ದೂರ ಹೊಂಟೋಗ್ತಾರೆ, ನಮ್ಮೂರು ಅವ್ರಿಗೆ ಸರಿಬರಲ್ಲ," ಎಂದು ನಂಬಿದ್ದ. ನಮ್ಮದೇ ಹಳೆಯ ಸ್ಟೆಬಿಲೈಜರ್ ಒಂದನ್ನು ಕೊಟ್ಟು ಬಂದೆ.

ಇನ್ನು ಅನ್ವರ್. ಮುಳಬಾಗಿಲಿನವನು, ನನಗಿಂತ ಚಿಕ್ಕವನು, ನನ್ನನ್ನು ಜಯಕ್ಕ ಎನ್ನುತ್ತಿದ್ದ. ಅವರ ಮನೆಯವರು ತಲೆತಲಾಂತರದಿಂದ ತಗಡಿನ ಕೆಲಸದವರು. ಡಬ್ಬ, ಲಾಟೀನು, ಆಲಿಕೆ ಮಾಡುವವರು. ಮನೆಯ ಮಾತು ದಖನಿ, ಓದಿದ್ದು ಕನ್ನಡ ಶಾಲೆ. ಚಿಪ್ಪಿಗೆ ಬರೆಯುವ ಕೆಲಸ ಅವನದು. ಲೆಕ್ಕದ ಚೌಕುಳಿ ಕಾಗದದಲ್ಲಿ ಒಂದೊಂದೇ ಚೌಕ ತುಂಬಿ ಕೋಳಿ, ಮೇಕೆ, ಶಂಕರಯ್ಯನವರ ಹೊಟ್ಟೆ, ಎಲ್ಲ ಬಿಡಿಸುತ್ತಿದ್ದ.

ಬರೆದ ಚಿಪ್ಪನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಅದರ ತಲೆಯ ಮೇಲೆ ಒಂದು ಪುಟ್ಟ ಗಾಜಿನ ಕಿಟಕಿ. ಆ ಕಿಟಕಿಗೆ ಒಂದು ಬಗೆಯ ದೀಪ ಹಿಡಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ನಮ್ಮ ದೀಪ ಸುಟ್ಟುಹೋಯಿತು. ಹೊಸದು ತರಿಸಿ ಎಂದರೆ ಶಂಕರಯ್ಯನವರು, "ಸೂರ್ಯ ಬಿಟ್ಟಿ ಇದಾನಲ್ಲಮ್ಮ," ಎಂದರು. ಸೂರ್ಯನೂ ಅಳಿಸುತ್ತಾನೆ, ಆದರೆ ವಾರಗಟ್ಟಲೆ ಬೇಕು. ನಾನು ಚಿಪ್ಪುಗಳನ್ನು ತಟ್ಟೆಗೆ ಹಾಕಿ ಸಂಡಿಗೆ ಒಣಗಿಸುವ ಹಾಗೆ ತಾರಸಿಯ ಮೇಲಿಟ್ಟೆ. ಪಕ್ಕದ ಗೂಡಿನ ಮಸಿ ಕಿಟಕಿಗಳ ಮೇಲೆ ಕೂತಿದ್ದನ್ನು ಯಾರೂ ನೋಡಲಿಲ್ಲ. ಅರ್ಧ ಅಳಿಸಿದ ಚಿಪ್ಪುಗಳ ಮೇಲೆ ಹೊಸ ಆಟ ಬರೆದು ಮಿಷನ್ನಿಗೆ ಹಾಕಿದರೆ, ಪರದೆಯ ಮೇಲೆ ರಾಕೆಟ್ಟಿಗೆ ಕಾಲು ಬಂದಿದೆ, ಗುಂಡು ಹಿಂದಕ್ಕೆ ಹೋಗುತ್ತಿದೆ, ಆಕಾಶದ ತುಂಬ ಮುರಿದ ಇಂಗ್ಲಿಷ್ ಅಕ್ಷರಗಳು ತೇಲುತ್ತಿವೆ. ಶಂಕರಯ್ಯನವರು ತಲೆ ಮೇಲೆ ಕೈಹೊತ್ತರು. ಅನ್ವರ್ ಮಾತ್ರ ಚಪ್ಪಾಳೆ ಹೊಡೆದ. "ಬನ್ನಿ ಬನ್ನಿ, ನೋಡಿ, ನಮ್ ಕಂಪನಿಯ ಮೊದಲನೇ ಸ್ವಂತ ಆಟ!"

ಎಲ್ಲರೂ ನಕ್ಕೆವು. ಆದರೆ ಆ ಮಾತು ಶೆಡ್ಡಿನಲ್ಲಿ ಉಳಿದುಬಿಟ್ಟಿತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಸಾಕು, ಶುರು.

"ಸಾರ್, ಯಾರೋ ಊರಿನ ರಾಕೆಟ್ಟು, ಯಾರೋ ಊರಿನ ಆಕಾಶ. ನಮ್ ಜನ ಯಾಕ್ ಹೊಡೀಬೇಕು ಅದನ್ನ? ನಮ್ದೇ ಒಂದು ಮಾಡೋಣ," ಎನ್ನುತ್ತಿದ್ದ ಅನ್ವರ್.

"ಲೇ, ನಮ್ಮಪ್ಪ ಹೆಂಚು ಮಾರ್ದೋನು ಕಣೋ. ಹೆಂಚಿಗೆ ಚಿತ್ರ ಬರೆದ್ರೆ ಮಳೆ ನಿಲ್ತದಾ? ಹೆಂಚು ಸೋರಬಾರ್ದು, ಅಷ್ಟೆ. ಇಲ್ಲಿ ಕೂತಿರೋ ಹುಡುಗೀರ ಮನೇಲಿ ಒಲೆ ಉರೀತಿರೋದು ಆ ರಾಕೆಟ್ಟಿಂದ. ನಿನ್ ಕೋಳಿ ಮೇಕೆಯಿಂದ ಅಲ್ಲ."

ಶಂಕರಯ್ಯನವರ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ಸಂಬಳವೂ ರಾಕೆಟ್ಟಿನದೇ. ಆದರೆ ದಿನವಿಡೀ ಅದೇ ರಾಕೆಟ್ಟನ್ನು ಹೊಡೆದು ಹೊಡೆದು ನನಗೆ ಹುಚ್ಚು ಹಿಡಿಯುವಂತಾಗಿತ್ತು. ಹಾಗಾಗಿ ನಾನು ಅನ್ವರನ ಪಕ್ಷ. ಬೆಸುಗೆಯ ಹುಡುಗಿಯರಲ್ಲಿ ಅರ್ಧ ಆ ಕಡೆ, ಅರ್ಧ ಈ ಕಡೆ. ಉಪ್ಪಿನಕಾಯಿ ಹಂಚಿಕೊಳ್ಳುವುದೂ ಪಕ್ಷದ ಪ್ರಕಾರವೇ ನಡೆಯುತ್ತಿತ್ತು. ಕೊನೆಗೆ ಜಗಳ ಕೇಳಿ ಕೇಳಿ ಸಾಕಾಗಿ ಶಂಕರಯ್ಯನವರು ಒಪ್ಪಿದರು. ಅನ್ವರ್ ಒಂದು ಆಟ ಮಾಡಲಿ. ಮಾವಿನ ಸುಗ್ಗಿಯಲ್ಲಿ ಅದನ್ನೂ ರಾಕೆಟ್ಟಿನ ಮಿಷನ್ನನ್ನೂ ಅಕ್ಕಪಕ್ಕ ಇಡುವುದು. ಜನ ಯಾವುದರ ಮುಂದೆ ನಿಲ್ಲುತ್ತಾರೋ ಕಂಪನಿ ಆ ದಾರಿ ಹಿಡಿಯುವುದು. ಸೋತರೆ ಅನ್ವರ್ ಈ ಮಾತು ಮತ್ತೆ ಎತ್ತಬಾರದು.

ಒಂದು ವರ್ಷದ ಮಾವಿನ ಹೂವಿನಿಂದ ಮುಂದಿನ ವರ್ಷದ ಹೂವಿನವರೆಗೆ ಅನ್ವರ್ ಅದರ ಹಿಂದೆ ಬಿದ್ದ. ಆಟದ ಹೆಸರು ಮಾವಿನ ತೋಪು. ಹುಡುಗನೊಬ್ಬ ಹಣ್ಣು ಕದಿಯಬೇಕು, ಕಾವಲುಗಾರ ಮಲಗಿರುತ್ತಾನೆ. ಒಟ್ಟು ಒಂಬತ್ತು ಮರ. ಮೊದಲನೆಯದು ತೋತಾಪುರಿ, ಆಮೇಲೆ ನೀಲಂ, ರಸಪುರಿ, ಬಾದಾಮಿ, ಹೀಗೆ ಮಲಗೋವಾವರೆಗೆ. ಒಂದೊಂದು ಮರಕ್ಕೂ ಕಾವಲುಗಾರನ ನಿದ್ದೆ ತೆಳುವಾಗುತ್ತ ಹೋಗುತ್ತದೆ. ಸಿಕ್ಕಿಬಿದ್ದರೆ ಅವನು ಕಿವಿ ಹಿಂಡಿ ತಿರುಗಿಸಿ ಎಸೆಯುತ್ತಾನೆ, ಹುಡುಗ ಮೂರು ಪಲ್ಟಿ ಹೊಡೆದು ಕೊಂಬೆಗೆ ಚಡ್ಡಿ ಸಿಕ್ಕಿ ನೇತಾಡುತ್ತಾನೆ. ನಾನು ಅಲ್ಲಿಯವರೆಗೆ ನೋಡಿದ ಆಟಗಳಲ್ಲೆಲ್ಲ ಅಷ್ಟು ಚೆಂದದ ಸೋಲು ಇರಲಿಲ್ಲ.

ಕಾವಲುಗಾರ ಕಣ್ಣುಬಿಟ್ಟ ಕೂಡಲೇ ಪರದೆಯ ಮೇಲೆ ಒಂದು ಮಾತು ಮಿನುಗಬೇಕಿತ್ತು. ಶಂಕರಯ್ಯನವರು ಅದು ಇಂಗ್ಲಿಷಿನಲ್ಲಿ ಇರಲಿ ಎಂದರು. "ಮಾವಿನ ತೋಪಲ್ಲಿ ಇಂಗ್ಲಿಷ್ ಎಲ್ಲಿಂದ ಬರ್ತದೆ ಸಾರ್?" ಎಂದು ಅನ್ವರ್ ಹಟ ಹಿಡಿದು, ತನ್ನ ಕೈಯಾರೆ ಚೌಕ ಚೌಕ ತುಂಬಿ ದಪ್ಪ ಕೆಂಪು ಕನ್ನಡ ಅಕ್ಷರದಲ್ಲಿ ಬರೆದ: ಓಡು!

ಶೆಡ್ಡಿನಲ್ಲಿ ಎಲ್ಲರೂ ನೋಡಿದೆವು. ಎಲ್ಲರೂ ಮೆಚ್ಚಿದೆವು. ಮನೆಯಲ್ಲಿ ತೆಲುಗು ಆಡುವ ನಾನೂ ಮೆಚ್ಚಿದೆ. ಕನ್ನಡ ಅಕ್ಷರ ಕಂಡರೆ ನನ್ನ ತಲೆ ಕನ್ನಡದಲ್ಲೇ ಓದುತ್ತದೆ, ಏನು ಮಾಡಲಿ.

ಆಟವನ್ನು ಇಟ್ಟಿದ್ದು ಗೌನಿಪಲ್ಲಿಯಲ್ಲಿ, ರೆಡ್ಡಪ್ಪ ಎಂಬುವರ ಮಾವಿನ ಮಂಡಿಯ ಜಗುಲಿಯ ಮೇಲೆ. ಆಂಧ್ರದ ಗಡಿ ಕೂಗಳತೆಯಲ್ಲಿ. ಸುಗ್ಗಿಯೆಂದರೆ ಅಲ್ಲಿ ಲಾರಿಗಳು, ಹುಲ್ಲು, ಹಣ್ಣಿನ ಸೊನೆಯ ವಾಸನೆ, ಹಮಾಲಿಗಳ ಕೂಗು. ನಾನು ಬೆಳಿಗ್ಗೆಯೇ ಹೋಗಿ ಎರಡೂ ಮಿಷನ್ ಹಚ್ಚಿದೆ. ಮೊದಲು ಬಂದವನು ಆಂಧ್ರದ ಕಡೆಯ ಲಾರಿ ಡ್ರೈವರ್. ಕಾಸು ಹಾಕಿದ, ಹುಡುಗನನ್ನು ಮರದ ಬಳಿಗೆ ನಡೆಸಿದ, ಕಾವಲುಗಾರ ಕಣ್ಣುಬಿಟ್ಟ, ಕೆಂಪು ಅಕ್ಷರ ಮಿನುಗಿತು. ಡ್ರೈವರ್ ಹಿಡಿ ಬಿಟ್ಟು ನನ್ನ ಕಡೆ ತಿರುಗಿದ.

"ಏಂ ಮಾ, ಈ ಮಿಷನ್ ನನ್ನು ಓಡು ಅಂಟಾಂದೇ!"

ಮಿಷನ್ನು ತನಗೆ ಓಡು ಅನ್ನುತ್ತಿದೆಯಂತೆ. ಕನ್ನಡದಲ್ಲಿ ಓಡು ಎಂದರೆ ಕಾಲಿಗೆ ಬುದ್ಧಿ ಹೇಳು. ತೆಲುಗಿನಲ್ಲಿ ಓಡು ಎಂದರೆ ಸೋಲು. ಎರಡು ಲಿಪಿಯಲ್ಲೂ ಆ ಎರಡು ಅಕ್ಷರ ನೋಡಲು ಒಂದೇ ಥರ. ಮಿಷನ್ನು ಅವನ ಕಾಸು ನುಂಗಿ, ಮುಖಕ್ಕೆ ಹೊಡೆದ ಹಾಗೆ ಸೋಲು ಎಂದು ಶಾಪ ಹಾಕಿತ್ತು.

ಗದ್ದಲ ಕೇಳಿ ರೆಡ್ಡಪ್ಪನವರು ಗಲ್ಲಾ ಬಿಟ್ಟು ಎದ್ದು ಬಂದರು. ಇನ್ನೂ ಬೋಣಿ ಆಗಿರಲಿಲ್ಲ. ದಿನದ ಮೊದಲ ವ್ಯಾಪಾರ ಆಗುವ ತನಕ ಮಂಡಿಯಲ್ಲಿ ಇಲ್ಲ, ಆಗಲ್ಲ, ಹೋಯ್ತು ಎಂಬ ಮಾತುಗಳನ್ನೇ ಯಾರೂ ಆಡುವುದಿಲ್ಲ. ಅಂಥ ಹೊತ್ತಿನಲ್ಲಿ ಜಗುಲಿಯ ಮೇಲೆ ಕೆಂಪು ಅಕ್ಷರದಲ್ಲಿ ಸೋಲು ಸೋಲು ಎಂದು ಮಿನುಗುತ್ತಿದೆ.

"ಏನಮ್ಮಾ ನೀನು, ಈ ಕಡೆ ಹುಡುಗಿ ಅಲ್ವಾ? ಬೋಣಿ ಹೊತ್ತಲ್ಲಿ ನನ್ನ ಬಾಗಿಲಲ್ಲಿ ಓಡು ಅಂತ ಬರೆಸಿ ತಂದಿದ್ದೀಯಲ್ಲಾ!"

"ಅದು ಕನ್ನಡದ ಓಡು ಅಣ್ಣಾ," ಎಂದೆ.

"ದರಿದ್ರಕ್ಕೆ ಕನ್ನಡ ಏನು, ತೆಲುಗು ಏನಮ್ಮಾ!" ಎಂದು ಅವರೇ ಒಂದು ಗೋಣಿಚೀಲ ತಂದು ಮಿಷನ್ನಿನ ಮುಖಕ್ಕೆ ಹೊದಿಸಿದರು. ಬೋಣಿ ಆಗುವವರೆಗೆ ಗೋಣಿ ಎಂಬುದು ಅಂದಿನಿಂದ ಅಲ್ಲಿ ಕಾನೂನಾಯಿತು. ಪಕ್ಕದಲ್ಲಿ ರಾಕೆಟ್ಟಿನ ಮಿಷನ್ ಮುಂದೆ ಜನ ಸೇರಿದ್ದರು. ನನಗೆ ಅಲ್ಲಿ ನಿಲ್ಲಲೂ ಆಗದು, ಹೋಗಲೂ ಆಗದು. ಮಂಡಿಯ ಹುಲ್ಲಿನ ಸುತ್ತ ಸುಮ್ಮನೆ ಪ್ರದಕ್ಷಿಣೆ ಹಾಕಿದೆ.

ಮಧ್ಯಾಹ್ನ ಹಮಾಲಿಗಳಿಗೆ ಬಿಡುವಾಯಿತು. ಬೆಳಗಿನ ಸುದ್ದಿ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ಒಬ್ಬ ಚೀಲ ಸರಿಸಿ, "ಓಡು ಅಂತದಾ? ಸರಿ, ಓಡಿ ತೋರಿಸ್ತೀನಿ ತಾಳು," ಎಂದು ತೆಲುಗಿನ ಅರ್ಥವನ್ನೇ ಹಿಡಿದು ಬೇಕೆಂತಲೇ ಹುಡುಗನನ್ನು ನೇರ ಕಾವಲುಗಾರನ ಮಡಿಲಿಗೇ ನಡೆಸಿದ. ಕಿವಿ ಹಿಂಡಿಸಿಕೊಂಡು, ಪಲ್ಟಿ ಹೊಡೆದು, ಹುಡುಗ ಕೊಂಬೆಗೆ ನೇತಾಡಿದ. ಎಲ್ಲರೂ ಹೋ ಎಂದು ಕೂಗಿದರು. ಇನ್ನೊಬ್ಬ ಅದಕ್ಕಿಂತ ಬೇಗ ಸೋತ. ನೋಡುನೋಡುತ್ತಿದ್ದಂತೆ ಪಂದ್ಯವೇ ಶುರುವಾಯಿತು: ಯಾರು ಎಲ್ಲರಿಗಿಂತ ಬೇಗ ಸೋಲುತ್ತಾರೋ ಅವರಿಗೆ ಟೀ. ಎರಡು ದಿನದಲ್ಲಿ ರಾಕೆಟ್ಟಿನ ಮುಂದೆ ನಾಯಿಯೂ ಇಲ್ಲ. ಪಕ್ಕದ ಊರುಗಳಿಂದ ಸೈಕಲ್ ತುಳಿದುಕೊಂಡು ಸೋಲಲು ಬಂದರು.

ಶ್ರೀನಿವಾಸಪುರದ ಅಂಚೆ ಕಚೇರಿಯಿಂದ ಶಂಕರಯ್ಯನವರಿಗೆ ಟ್ರಂಕ್ ಕಾಲ್ ಮಾಡಿದೆ. ಬೋಣಿಯ ಗಲಾಟೆಯಿಂದ ಹಿಡಿದು ಎಲ್ಲವನ್ನೂ ಕೂಗಿ ಹೇಳಿ, "ಒಟ್ಟಿನಲ್ಲಿ ಆಟ ಓಡ್ತು ಸಾರ್!" ಎಂದೆ.

ಆ ಕಡೆಯಿಂದ ಗರಗರ ಸದ್ದಿನ ನಡುವೆ, "ಯಾವ ಭಾಷೇಲಮ್ಮಾ?" ಎಂದರು.

"ಎರಡರಲ್ಲೂ ಸಾರ್," ಎಂದೆ. ನಗುತ್ತಾ ಹೇಳಿದ್ದು. ಅದು ಎಷ್ಟು ನಿಜ ಎಂದು ಆಗ ನನಗೆ ಗೊತ್ತಿರಲಿಲ್ಲ.

ಶಂಕರಯ್ಯನವರು ಮಾರನೆಯ ದಿನವೇ ಗೌನಿಪಲ್ಲಿಗೆ ಬಂದು ಜಗುಲಿಯ ಮೂಲೆಯಲ್ಲಿ ನಿಂತು ನೋಡಿದರು. ಆಡಲಿಲ್ಲ, ಜನರನ್ನಷ್ಟೇ ನೋಡಿದರು. ಅನ್ವರನೂ ಬಂದಿದ್ದ. ಅವನು ಪರದೆಯನ್ನು ನೋಡುತ್ತಿದ್ದ. ಅವನ ಮುಖ ನೋಡಿ ನನ್ನ ಖುಷಿ ಇಳಿದುಹೋಯಿತು. ಒಬ್ಬನಾದರೂ ತೋತಾಪುರಿ ಮರ ದಾಟಲಿಲ್ಲ. ರಸಪುರಿಯ ಮೇಲಿನ ಗಿಳಿಗಳು, ಬಾದಾಮಿಯ ಕೆಳಗಿನ ಇರುವೆ ಸಾಲು, ಮಲಗೋವಾದ ನೆರಳು ಗಾಳಿಗೆ ಅಲ್ಲಾಡುವುದು, ಯಾವುದನ್ನೂ ಯಾರೂ ನೋಡಲಿಲ್ಲ. ನೋಡಬೇಕೆಂದು ಅನಿಸಲೂ ಇಲ್ಲ.

ಮಾಲೂರಿಗೆ ಬಂದ ಮೇಲೆ ಶಂಕರಯ್ಯನವರು ಎಲ್ಲರ ಮುಂದೆ ಅನ್ವರನ ಬೆನ್ನು ತಟ್ಟಿದರು. "ಗೆದ್ದೆ ಕಣೋ. ಇನ್ನು ಮೇಲೆ ಇದನ್ನೇ ಮಾಡೋಣ. ಆದ್ರೆ ಒಂದು ಮಾತು. ಯಾರೂ ಮೊದಲನೇ ಮರ ದಾಟಲ್ಲ. ಮಿಕ್ಕ ಎಂಟು ಮರಕ್ಕೆ ಚಿಪ್ಪು ಯಾಕೆ ದಂಡ? ಚಿಪ್ಪು ಸಿಗೋದೇ ಕಷ್ಟ. ಒಂದೇ ಮರ ಇಡು."

"ಮೊದಲನೇ ಮರ ಬರೀ ಬಾಗಿಲು ಸಾರ್," ಎಂದ ಅನ್ವರ್. "ತೋಪು ಆಮೇಲಿಂದು."

"ಜನ ಬಾಗಿಲಲ್ಲೇ ನಿಂತು ಕುಣೀತಿದಾರಲ್ಲ. ಒಳಗೆ ಕರೆದು ಏನ್ ಮಾಡ್ತೀಯ?"

"ಸೋ‌ಲೋಕೆ ಅಂತ ಮಾಡ್ಲಿಲ್ಲ ನಾನು."

"ನೀನ್ ಯಾತಕ್ಕೆ ಮಾಡ್ದೆ ಅನ್ನೋದು ನಿಂಗೆ. ಅವ್ರು ಯಾತಕ್ಕೆ ಆಡ್ತಾರೆ ಅನ್ನೋದು ನಂಗೆ. ನಿನ್ ಆಟ ಬೇಕು ಅಂದೋನು ನೀನೇ, ಈಗ ಓಡ್ತಿದೆ ಅಂದ್ರೆ ಅಳ್ತೀಯಲ್ಲೋ!"

ನಾವೇ ಗೆದ್ದಿದ್ದೆವು, ಯಾರ ಮೇಲೆ ಜಗಳ ಆಡುವುದು. ಒಂದು ಮರದ ಮಿಷನ್ನುಗಳು ಸಾಲಾಗಿ ತಯಾರಾಗತೊಡಗಿದವು. ಮೂಲ ಆಟ ಇದ್ದ ಚಿಪ್ಪುಗಳೂ ಬೇಕಾದವು. ಅವನ್ನು ತಟ್ಟೆಗೆ ಹಾಕಿ ತಾರಸಿಗೆ ಹೊತ್ತವಳು ನಾನೇ. ಈ ಸಲ ಕಿಟಕಿಗಳ ಮೇಲೆ ಮಸಿ ಕೂರದ ಹಾಗೆ ದಿನಾ ಒರೆಸಬೇಕೆಂದು ಆಜ್ಞೆಯಾಗಿತ್ತು. ಒರೆಸಿದೆ. ಒರೆಸುವಾಗ ಕೈ ಉರಿಯುತ್ತಿತ್ತು, ಬಿಸಿಲಿಗಲ್ಲ.

ಅನ್ವರ್ ಊಟಕ್ಕೆ ನಮ್ಮ ಜೊತೆ ಕೂರುವುದನ್ನು ಬಿಟ್ಟ. ತಿಂಗಳು ಮುಗಿದ ಮೇಲೆ ಮುಳಬಾಗಿಲಿಗೆ ಹೋಗಿ ಅಣ್ಣನ ಜೊತೆ ತಗಡಿನ ಕೆಲಸಕ್ಕೆ ಕೂರುತ್ತೇನೆ ಎಂದ. "ಡಬ್ಬ ಮಾಡಿದ್ರೆ ಜನ ಡಬ್ಬ ಅಂತಾನೇ ತಗೋತಾರೆ ಜಯಕ್ಕ. ಅಷ್ಟು ಸಾಕು ನಂಗೆ." ಕಾಗದಗಳಿವೆಯಲ್ಲ, ಬೇಕಾದಾಗ ಮತ್ತೆ ಚಿಪ್ಪಿಗೆ ಬರೆಯಬಹುದಲ್ಲ ಎಂದೆ. ಒಂದು ವರ್ಷದ ಕೆಲಸವನ್ನು ಮತ್ತೆ ಮೊದಲಿನಿಂದ ಯಾರಿಗೋಸ್ಕರ ಮಾಡಲಿ ಎಂದು ಕೇಳಿದ. ನನ್ನ ಬಳಿ ಹೇಳಲು ಯಾರ ಹೆಸರೂ ಇರಲಿಲ್ಲ.

ಪೂರ್ತಿ ತೋಪು ಉಳಿದಿದ್ದುದು ಗೌನಿಪಲ್ಲಿಯ ಆ ಒಂದು ಮಿಷನ್ನಿನಲ್ಲಿ ಮಾತ್ರ. ಸುಗ್ಗಿ ಮುಗಿಯುವ ಹೊತ್ತಿಗೆ ಶಂಕರಯ್ಯನವರು ಅದನ್ನೂ ತರಲು ನನ್ನನ್ನು ಕಳಿಸಿದರು. ಒಂದು ಮರದ ಚಿಪ್ಪು ಹಾಕಿ, ಹಳೆಯವನ್ನು ಕಿತ್ತು ತರಬೇಕು. ಅಮ್ಮನ ಮನೆಯಲ್ಲಿ ಉಳಿದು ಬೆಳ್ಳಂಬೆಳಿಗ್ಗೆ ಮೊದಲ ಬಸ್ಸಿಗೆ ಗೌನಿಪಲ್ಲಿ ಮುಟ್ಟಿದೆ. ಮಂಡಿ ಇನ್ನೂ ತೆರೆದಿರಲಿಲ್ಲ. ಜಗುಲಿಯ ಮೇಲೆ ಒಬ್ಬ ಮನುಷ್ಯ ತಲೆಯನ್ನು ಗೋಣಿಚೀಲದೊಳಗೆ ತೂರಿಸಿ ಬಗ್ಗಿ ನಿಂತಿದ್ದಾನೆ. ಚೀಲದ ಒಳಗಿನಿಂದ ಬೆಳಕು ಮಿನುಗುತ್ತಿದೆ.

ಕೆಮ್ಮಿದೆ. ಚೀಲದೊಳಗಿಂದ, "ಒಂಚೂರು ತಡೀರಿ, ಮಲಗೋವಾದಲ್ಲಿದೀನಿ," ಎಂದು ದನಿ ಬಂತು.

ಮಲಗೋವಾ! ಒಂಬತ್ತನೇ ಮರ! ನಾನು ಒಂದೇ ನೆಗೆತಕ್ಕೆ ಜಗುಲಿ ಹತ್ತಿ ಚೀಲದೊಳಗೆ ನನ್ನ ತಲೆಯನ್ನೂ ತೂರಿಸಿದೆ.

ಅವನು ಮಂಡಿಯ ಕಾವಲುಗಾರ ಮುನಿಶಾಮಿ. ಹುತ್ತೂರಿನ ಕಡೆಯವನು, ಮನೆಮಾತು ಕನ್ನಡ. ತೆಲುಗು ಮಾತು ಬರುತ್ತಿತ್ತಂತೆ, ಆದರೆ ಓಡು ಎಂದರೆ ಅವನಿಗೆ ಓಡುವುದೇ. ರಾತ್ರಿ ಪಾಳಿ ಮುಗಿಸಿ, ಬೋಣಿಗೆ ಮುಂಚೆ ಬೆಳಕು ಯಾರಿಗೂ ಕಾಣದ ಹಾಗೆ ಚೀಲದ ಒಳಗೇ ಆಡಿಕೊಂಡು ಹೋಗುತ್ತಿದ್ದ. ಸುಗ್ಗಿಯಿಡೀ ಹಾಗೆ ಆಡಿದ್ದ.

ನನ್ನ ಕಣ್ಣೆದುರೇ ಅವನು ಮಲಗೋವಾ ಗೆದ್ದ. ಆಗ ಬರುವ ಕೊನೆಯ ಚಿತ್ರ ಅನ್ವರನ ಜೀವ. ಕಾವಲುಗಾರ ರುಮಾಲು ಬಿಚ್ಚಿ ನೆಲಕ್ಕೆ ಹಾಸುತ್ತಾನೆ, ಅತ್ತ ಇತ್ತ ನೋಡುತ್ತಾನೆ, ತಾನೇ ಮರ ಹತ್ತಿ ಹಣ್ಣು ಕಿತ್ತು ರುಮಾಲಿಗೆ ಹಾಕುತ್ತಾನೆ, ಕೆಳಗೆ ಹುಡುಗ ಕೈಚಾಚಿ ನಿಂತಿರುತ್ತಾನೆ. ಅದನ್ನು ಅಲ್ಲಿಯವರೆಗೆ ನೋಡಿದ್ದವರು ಅನ್ವರ್ ಮತ್ತು ನಾನು ಇಬ್ಬರೇ.

ಮುನಿಶಾಮಿ ಚೀಲದಿಂದ ತಲೆ ಹೊರಗೆ ತೆಗೆದ. ಮುಖ ತುಂಬ ಬೆವರು. "ಇಷ್ಟೇನಾ?" ಎಂದ.

ನನಗೆ ರೇಗಿತು. "ಇನ್ನೇನ್ ಬೇಕಿತ್ತಪ್ಪಾ?"

"ಅಲ್ಲವ್ವಾ, ಕಾವಲಿನೋನೇ ಮರ ಹತ್ತಿದ್ಮೇಲೆ, ಯಜಮಾನ ಬರಲ್ವಾ?"

ನಾನು ಚಿಪ್ಪು ಕೀಳುವ ಚಿಮಟ ಹಿಡಿದು ನಿಂತಿದ್ದೆ. ಬಂದ ಕೆಲಸ ಹೇಳಿದೆ. ನಾಳೆಯಿಂದ ಒಂದೇ ಮರ ಎಂದೆ.

"ಒಂದು ಮರಕ್ಕೆ ತೋಪು ಅಂತಾರೇನವ್ವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ದೊಣ್ಣೆ ಎತ್ತಿಕೊಂಡು ಅವನು ಮನೆಗೆ ಹೋದ.

ಕೆಲಸ ಕೆಲಸವೇ. ಕಿತ್ತೆ. ಕಿತ್ತ ಚಿಪ್ಪುಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಶ್ರೀನಿವಾಸಪುರ ದಾಟುವಾಗ ಅಳು ಬಂತು. ಸೀಟಿನಲ್ಲಿ ಕೂರಲಾಗದೆ ಕೋಲಾರದವರೆಗೂ ಕಂಬಿ ಹಿಡಿದು ನಿಂತೇ ಬಂದೆ. ಕಂಡಕ್ಟರ್ ಎರಡು ಸಲ ಜಾಗ ತೋರಿಸಿ ಸುಮ್ಮನಾದ.

ಶೆಡ್ಡಿಗೆ ಕಾಲಿಟ್ಟಾಗ ಶಂಕರಯ್ಯನವರು ಬಾಗಿಲಲ್ಲೇ ಇದ್ದರು. "ತಂದ್ಯೇನಮ್ಮಾ? ತಾರಸಿಗೆ ಇಟ್ಬಿಡು, ಬಿಸ್ಲು ಚೆನ್ನಾಗಿದೆ." ನಾನು ಅವರನ್ನು ದಾಟಿ ನೇರ ಅನ್ವರನ ಮೇಜಿಗೆ ಹೋಗಿ ಡಬ್ಬಿ ಇಟ್ಟೆ. ಗೋಣಿಚೀಲ, ಮಲಗೋವಾ, ಮುನಿಶಾಮಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕೊನೆಗೆ, ಹೇಳಲೋ ಬೇಡವೋ ಎಂದು ತಡವರಿಸಿ, ಇಷ್ಟೇನಾ ಎಂದದ್ದನ್ನೂ ಹೇಳಿದೆ.

"ಇಷ್ಟೇನಾ ಅಂದ್ನಾ?" ಅನ್ವರ್ ಎದ್ದು ನಿಂತ. "ಯಜಮಾನ ಬರಲ್ವಾ ಅಂದ್ನಾ? ಹಂಗೇ ಅಂದ್ನಾ? ಯಾರವನು? ನನ್ ಆಟಾನ ಇಷ್ಟೇನಾ ಅನ್ನೋಕೆ!" ಬೈಯುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ. ಚೌಕುಳಿ ಕಾಗದದ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡ, ಡಬ್ಬಿ ಎತ್ತಿಕೊಂಡ, ಹೊರಟೇಬಿಟ್ಟ.

"ಲೇ ಅನ್ವರ್, ಎಲ್ಲಿಗೋ? ಚಿಪ್ಪು ಕಂಪನಿದು ಕಣೋ!" ಎಂದು ಶಂಕರಯ್ಯನವರು ಕೂಗಿದರು.

"ಗೌನಿಪಲ್ಲಿಗೆ! ಚಿಪ್ಪು ವಾಪಸ್ ತಂದ್ಕೊಡ್ತೀನಿ ಸಾರ್. ಒಳಗಿರೋದನ್ನ ಅಳಿಸೋಕ್ ಬಿಡಲ್ಲ!" ಅಷ್ಟು ಹೇಳುವುದರಲ್ಲಿ ಅವನು ಗೇಟು ದಾಟಿ ಕೋಲಾರದ ಬಸ್ಸಿಗೆ ಕೈ ಅಡ್ಡ ಹಿಡಿದಿದ್ದ.

ಬೆಸುಗೆಯ ಹುಡುಗಿಯರು ಕೆಲಸ ಬಿಟ್ಟು ಬಾಗಿಲಿಗೆ ಬಂದರು. ಶಂಕರಯ್ಯನವರು ಬಸ್ಸು ಹೋದ ದೂಳನ್ನು ನೋಡುತ್ತ ನಿಂತರು. ನಾನು ಬೈಗುಳಕ್ಕೆ ತಯಾರಾಗಿದ್ದೆ, ಕೆಲಸ ಹೋಗುವುದಕ್ಕೂ ತಯಾರಾಗಿದ್ದೆ. ಅವರು ತಿರುಗಿ ತಗ್ಗಿದ ದನಿಯಲ್ಲಿ ಕೇಳಿದರು.

"ಅದ್ರಲ್ಲಿ ಕೊನೇಗೆ ಏನಮ್ಮಾ ಬರೋದು? ನಾನು ಎರಡನೇ ಮರಾನೂ ನೋಡಿಲ್ಲ."

ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಚಿತ್ರವನ್ನು ಬಾಯಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸು ಬರಲಿಲ್ಲ.

"ನೋಡ್ಬೇಕು ಅಂದ್ರೆ ಗೌನಿಪಲ್ಲಿಗೇ ಹೋಗ್ಬೇಕು ಸಾರ್. ಬೆಳಿಗ್ಗೆ ಬೋಣಿಗೆ ಮುಂಚೆ."

ಶಂಕರಯ್ಯನವರು ಒಳಗೆ ಹೋದರು. ಗಲ್ಲಾದ ಬೀಗ ಹಾಕುವ ಸದ್ದು ಕೇಳಿಸಿತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು, ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ನನ್ನನ್ನು ಕೇಳಿದರು.